ತಮ್ಮ ಹೋದಮೇಲೆ ದೊಡ್ಡಬ್ಬಕ್ಕೆ ಊರಿಗೆ ಹೋಗಬಹುದಾ?

ಹರಿನೀರು (ಸೆಪ್ಟೆಂಬರ್ 21)

ಎಲ್ಲರಿಗೂ ನಮಸ್ಕಾರ. ಆರು ತಿಂಗಳಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಪ್ರಶ್ನೆ ಚಿಕ್ಕದು. ಹಿಂದಿನದ್ದನ್ನು ಹೇಳದೆ ಕೇಳಿದರೆ ತಲೆಬುಡ ಗೊತ್ತಾಗುವುದಿಲ್ಲ ಅಂತ ಉದ್ದ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ನನಗೀಗ 68. ಸಾಗರ ತಾಲ್ಲೂಕಿನ ಹಳ್ಳಿಯವನು. ನೀರಾವರಿ ಇಂಜಿನಿಯರ್ ಆಗಿ ನಿವೃತ್ತನಾಗಿ ಬೆಂಗಳೂರಿನಲ್ಲಿದ್ದೇನೆ. ಕಳೆದ ವರ್ಷ ಶ್ರಾವಣದಲ್ಲಿ ನನ್ನ ಒಬ್ಬನೇ ತಮ್ಮ ತೀರಿಕೊಂಡ. ಅವನಿಗೂ ನನಗೂ 2005ರಿಂದ ಪಾಲಿನ ಕೇಸು. ಹೋದ ವಾರ ಅವನ ಮಗ ಫೋನ್ ಮಾಡಿ, "ದೊಡ್ಡಪ್ಪ, ಈ ಸಲ ದೊಡ್ಡಬ್ಬಕ್ಕೆ ನೀನು ಬರವು" ಅಂದ. ನಮ್ಮ ಕಡೆ ದೀಪಾವಳಿಗೆ ದೊಡ್ಡಬ್ಬ ಅಂತಲೇ ಹೆಸರು. "ನೋಡುತ್ತೇನೆ" ಅಂದೆ. ಆಮೇಲೆ ಎರಡು ರಾತ್ರಿ ನಿದ್ದೆ ಬಂದಿಲ್ಲ.

ಕೇಸು ಯಾವುದಕ್ಕೆ ಅಂದರೆ, ತೋಟದ ಮೇಲ್ಭಾಗದ ಹದಿನಾಲ್ಕು ಗುಂಟೆ ಮತ್ತು ಅದರ ಪಕ್ಕದಲ್ಲಿ ಹಾದು ಬರುವ ದಬ್ಬೆ ನೀರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗುಡ್ಡದ ಒರತೆಯ ನೀರನ್ನು, ಅಡಿಕೆ ಮರ ಸೀಳಿ ಒಳಗಿನ ತಿರುಳು ತೆಗೆದ ದಬ್ಬೆಗಳನ್ನು ಒಂದಕ್ಕೊಂದು ಜೋಡಿಸಿ, ಮನೆಯ ಹಿತ್ತಲಿನವರೆಗೆ ಹರಿಸಿಕೊಳ್ಳುತ್ತಾರೆ. ಪಂಪು ಬೇಡ, ಕರೆಂಟು ಬೇಡ, ಹಗಲು ರಾತ್ರಿ ಬೀಳುತ್ತಲೇ ಇರುತ್ತದೆ. ಕೃಷ್ಣಾ ನದಿಯ ನೀರನ್ನು ಸಾವಿರಾರು ಎಕರೆಗೆ ಹರಿಸುವ ಕೆಲಸದಲ್ಲಿ ಇದ್ದವನು ನಾನು. ಒಡಹುಟ್ಟಿದ ತಮ್ಮನ ಜೊತೆ ಒಂದು ದಬ್ಬೆ ನೀರಿಗೆ ಹೊಡೆದಾಡಿದೆ. ವಾಯಿದೆ ಇದ್ದ ದಿನ ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು ಹೋಗುತ್ತಿದ್ದೆ. ಕೋರ್ಟಿನ ಜಗಲಿಯ ಒಂದು ಕಂಬದ ಹತ್ತಿರ ಅವನು, ಇನ್ನೊಂದು ಕಂಬದ ಹತ್ತಿರ ನಾನು. ಒಂದು ಸಲ ಅವನಿಗೆ ಕೆಮ್ಮು ಬಂದು ನಿಲ್ಲಲೇ ಇಲ್ಲ. ನನ್ನ ಚೀಲದಲ್ಲಿ ನೀರಿನ ಬಾಟಲಿ ಇತ್ತು. ಕೊಡಲಿಲ್ಲ. ಯಾರೋ ಬೇರೆ ಕಕ್ಷಿದಾರರು ಕೊಟ್ಟರು.

ಅವನು ಹೋದ ಸುದ್ದಿ ವಾಟ್ಸಾಪಿನಲ್ಲಿ ಬಂತು. ನಾನು ಹೋಗಲಿಲ್ಲ. ಇಲ್ಲೇ ಫ್ಲಾಟಿನಲ್ಲಿ ತಲೆಗೆ ನೀರು ಹಾಕಿಕೊಂಡೆ. ಹತ್ತು ದಿನ ಸೂತಕ ಹಿಡಿದೆ, ದೇವರ ಕೋಣೆಗೆ ಹೋಗಲಿಲ್ಲ, ಹನ್ನೊಂದನೇ ದಿನ ಜನಿವಾರ ಬದಲಿಸಿದೆ. ಶಾಸ್ತ್ರದಲ್ಲಿ ಒಂದೂ ತಪ್ಪಲಿಲ್ಲ. ಮುಖ ನೋಡಲು ಮಾತ್ರ ಹೋಗಲಿಲ್ಲ.

ಶಾಸ್ತ್ರದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 1993ರಲ್ಲಿ ಗಾಯತ್ರಿ ಪುರಶ್ಚರಣೆಯ ಸಂಕಲ್ಪ ಮಾಡಿದೆ. ಇಪ್ಪತ್ತನಾಲ್ಕು ಅಕ್ಷರಕ್ಕೆ ಇಪ್ಪತ್ತನಾಲ್ಕು ಲಕ್ಷ ಜಪ. ದಿನಕ್ಕೆ ಸಾವಿರದಂತೆ ಹಿಡಿದರೂ 2400 ದಿನ, ಅಂದರೆ ಆರೂವರೆ ವರ್ಷದ ಮೇಲೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ಎರಡು ತಾಸು ಕೂರುತ್ತಿದ್ದೆ. ಆಗ ಮಗಳಿಗೆ ಐದು ವರ್ಷ. ಬಾಡಿಗೆ ಮನೆಯ ಅಂಗಳದಲ್ಲಿ ಪಾರಿಜಾತದ ಗಿಡ ಇತ್ತು. ನೆಲಕ್ಕೆ ಬಿದ್ದದ್ದನ್ನು ಆರಿಸಿ ದೇವರಿಗೆ ಏರಿಸಬಹುದಾದ ಹೂವು ಅದೊಂದೇ ಅಂತ ಅವಳಿಗೆ ನಾನೇ ಹೇಳಿಕೊಟ್ಟಿದ್ದೆ. ಒಂದು ದಿನ ಬೆಳಗ್ಗೆ ಫ್ರಾಕಿನ ಮಡಿಲ ತುಂಬ ಹೂವು ಆರಿಸಿಕೊಂಡು ಓಡಿ ಬಂದವಳು ಹಿಂದಿನಿಂದ ನನ್ನ ಬೆನ್ನ ಮೇಲೆ ಕೈಯಿಟ್ಟಳು. ಇಬ್ಬನಿಗೆ ಕೈ ತಣ್ಣಗಿತ್ತು. ಆರುನೂರರ ಮೇಲೆ ಎಣಿಕೆಯಾಗಿತ್ತು. ನಾನು ಬೈಯಲಿಲ್ಲ. ಎದ್ದು, ಅವಳ ಎದುರಿಗೇ ಬಚ್ಚಲಿಗೆ ಹೋಗಿ ಮತ್ತೆ ಸ್ನಾನ ಮಾಡಿ ಬಂದು, ಒಂದರಿಂದ ಶುರು ಮಾಡಿದೆ. ಮಾರನೇ ದಿನದಿಂದ ಅವಳು ಹೊಸ್ತಿಲಾಚೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು. ಆಗ ನನಗೆ ಅದು ಶಿಸ್ತು ಅನಿಸಿತ್ತು, ನಾಲ್ಕು ಜನರೆದುರು ಹೇಳಿಕೊಂಡೂ ಇದ್ದೆ. ಬೈದಿದ್ದರೆ ಮರೆತುಬಿಡುತ್ತಿದ್ದಳೇನೋ.

ಇನ್ನು ನೌಕರಿ. 1996ರಿಂದ 2000ದವರೆಗೆ ಕೃಷ್ಣಾ ಮೇಲ್ದಂಡೆ ಕಾಲುವೆ ಕೆಲಸದ ಮೇಲೆ ಶಹಾಪುರದ ಕಡೆ ಕ್ಯಾಂಪಿನಲ್ಲಿದ್ದೆ. ಆಗ ಅದು ಗುಲ್ಬರ್ಗಾ ಜಿಲ್ಲೆ. ಕೃಷ್ಣಾ ನೀರನ್ನು ರಾಜ್ಯಗಳಿಗೆ ಹಂಚಿಕೊಟ್ಟ ಬಚಾವತ್ ತೀರ್ಪನ್ನು 2000ದ ಮೇ 31ರ ನಂತರ ಮರುಪರಿಶೀಲನೆ ಮಾಡಬಹುದು ಅಂತಿತ್ತು. ಅಷ್ಟರೊಳಗೆ ನಮ್ಮ ಪಾಲಿನ ನೀರು ಬಳಸಿ ತೋರಿಸಬೇಕು ಅನ್ನುವುದೊಂದೇ ಎಲ್ಲರ ಬಾಯಲ್ಲಿ. ಹಗಲು ರಾತ್ರಿ ಲೈನಿಂಗ್ ಕೆಲಸ. ನಾನು ಆ ನೀರಿಗಾಗಿಯೇ ದುಡಿದೆ ಅಂತ ಹೇಳಿದರೆ ಅರ್ಧ ಸುಳ್ಳು. ಬಡ್ತಿಯ ಪಟ್ಟಿಯಲ್ಲಿ ನನಗಿಂತ ಮೇಲೆ ಮೂರು ಜನ ಇದ್ದರು, ಅವರನ್ನು ದಾಟಬೇಕಿತ್ತು.

ಒಂದು ವಿತರಣಾ ಕಾಲುವೆಗೆ ಮೊದಲ ಸಲ ನೀರು ಬಿಟ್ಟ ದಿನ ಕಣ್ಣಿಗೆ ಕಟ್ಟಿದಂತಿದೆ. ನೀರು ನೊರೆ, ಕಸ, ಒಣಗಿದ ಜಾಲಿಯ ಎಲೆ ಎಲ್ಲವನ್ನೂ ಮುಂದೆ ತಳ್ಳಿಕೊಂಡು ನಡೆಯುವ ವೇಗದಲ್ಲಿ ಬಂತು. ಮಕ್ಕಳು ಅದರ ಮುಂದೆ ಹಿಮ್ಮುಖವಾಗಿ ಓಡುತ್ತಿದ್ದರು. ಹೆಂಗಸರು ಅರಿಶಿನ ಕುಂಕುಮ ಹಾಕಿ ಕಾಯಿ ಒಡೆದರು. ಬೇವಿನ ಮರದ ಕೆಳಗೆ ಊಟಕ್ಕೆ ಹಾಕಿದ್ದರು. ಒಬ್ಬ ಮುದುಕಿ ಬಂದು, "ಸಾಹೇಬ್ರ, ಒಂದ ರೊಟ್ಟಿ ಮುರೀರಿ" ಅಂದಳು. ನಾನು ಹೊರಗೆ ಊಟ ಮಾಡುವುದಿಲ್ಲ ಅಂದೆ. ಜಪ ನಡೆಯುತ್ತಿದ್ದ ಕಾಲ, ಬೇರೆಯವರ ಕೈಯ ಅನ್ನ ವರ್ಜ್ಯ. ಮೇಲಾಗಿ ನಾಲ್ಕು ಗಂಟೆಗೆ ಪ್ರಗತಿ ಪರಿಶೀಲನಾ ಸಭೆ. ಅವಳು ಏನೂ ಮಾತಾಡದೆ ನಾಲ್ಕು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಜೀಪಿನ ಮುಂದಿನ ಸೀಟಿನಲ್ಲಿಟ್ಟಳು. ಗಂಟು ಬಿಸಿ ಇತ್ತು. ಪಕ್ಕಕ್ಕೆ ಸರಿಸಿ ಕೂತೆ. ಅದನ್ನು ಡ್ರೈವರ್ ತಿಂದ. ಅವನು ನಿವೃತ್ತನಾಗುವ ವರ್ಷ ಸಿಕ್ಕಾಗಲೂ ಆ ರೊಟ್ಟಿಯ ಮಾತು ತೆಗೆದ. ನಾಲ್ಕು ವರ್ಷದ ಕಾಲುವೆ ಕೆಲಸದಲ್ಲಿ ಅವನಿಗೆ ನೆನಪಿರುವುದು ಅದು. ಸಭೆಯಲ್ಲಿ ಏನು ನಡೆಯಿತು ಅಂತ ನನಗೆ ಒಂದಕ್ಷರ ನೆನಪಿಲ್ಲ.

ಚಿಕ್ಕಂದಿನಿಂದಲೂ ಹೀಗೇ. ಕೊಯ್ಲಿನ ಕಾಲದಲ್ಲಿ ರಾತ್ರಿ ಅಡಿಕೆ ಸುಲಿಯಲು ಅಕ್ಕಪಕ್ಕದವರೆಲ್ಲ ಜಗಲಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಿದ್ದರು. ಭದ್ರಾವತಿ ಆಕಾಶವಾಣಿ ಹಾಡುತ್ತಿತ್ತು, ಕಥೆ, ಒಗಟು, ನಗು. ತಮ್ಮ ಅಡಿಕೆ ಬೇಯಿಸುವ ಹಂಡೆಯ ಒಲೆಗೆ ಗೆಣಸು ತೂರಿ ಸುಟ್ಟು ಎಲ್ಲರಿಗೂ ಹಂಚುತ್ತಿದ್ದ. ದೊಡ್ಡಬ್ಬದ ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡುತ್ತ ಬಂದರೆ, ಇವನು ಅವರ ಹಿಂದೆಯೇ ಹೊರಟು ಮೂರು ರಾತ್ರಿ ಊರೂರು ಸುತ್ತಿ ಬರುತ್ತಿದ್ದ. ನಾನು ಒಳಕೋಣೆಯ ಕಿಟಕಿಗೆ ಕಂಬಳಿ ಒತ್ತಿ ಓದುತ್ತಿದ್ದೆ. ರ‍್ಯಾಂಕು ಬರಬೇಕಿತ್ತು.

ಈಗ ಪ್ರಶ್ನೆ. ಮುಖ ನೋಡಲೂ ಹೋಗದವನು ಹಬ್ಬದ ಊಟಕ್ಕೆ ಹೋಗಬಹುದಾ? ತಮ್ಮನ ಹೆಂಡತಿಗೆ ಯಾವ ಮುಖ ತೋರಿಸಲಿ? ಹೈಕೋರ್ಟಿನಲ್ಲಿ ನಾನು ಹಾಕಿದ ಎರಡನೇ ಮೇಲ್ಮನವಿ ಇನ್ನೂ ಇದೆ. ಅದನ್ನಿಟ್ಟುಕೊಂಡು ಹೋಗುವುದೋ, ಮುಗಿಸಿ ಹೋಗುವುದೋ? ಹೆಂಡತಿ "ನೀವು ಬಂದರೆ ಬನ್ನಿ, ನಾನಂತೂ ಹೋಗುತ್ತೇನೆ" ಅಂದಿದ್ದಾಳೆ.

---

ಚೊಗರು_ಕೈ (ಸೆಪ್ಟೆಂಬರ್ 21)

ಅಣ್ಣ, ನಾನೂ ಸಾಗರದ ಹತ್ತಿರದವನೇ. ಮಗ ಕರೆದಿದ್ದಾನೆ ಅಂದರೆ ಒಳಗೆ ತಾಯಿಯನ್ನು ಕೇಳದೆ ಕರೆದಿರಲ್ಲ. ನಮ್ಮ ಕಡೆ ಮನೆಗಳಲ್ಲಿ ಹಾಗೆ ಆಗುವುದೇ ಇಲ್ಲ, ನಿಮಗೂ ಗೊತ್ತು. ರಾತ್ರಿ ಬೆಂಗಳೂರಿನಲ್ಲಿ ತಾಳಗುಪ್ಪದ ರೈಲು ಹತ್ತಿದರೆ ಬೆಳಗ್ಗೆ ಸಾಗರ. ಈ ವರ್ಷ ಮಳೆ ಬಿಡುತ್ತಲೇ ಇಲ್ಲ, ಅಡಿಕೆಗೆ ಬೋರ್ಡೋ ಔಷಧಿ ಹೊಡೆದದ್ದೂ ತೊಳೆದುಹೋಗಿ ಕೊಳೆ ರೋಗ ಬಂದಿದೆ. ಆ ಹುಡುಗ ಒಬ್ಬನೇ ಒದ್ದಾಡುತ್ತಿರಬಹುದು. ಊಟಕ್ಕೆ ಅಂತ ಹೋಗಬೇಡಿ. ಹಬ್ಬಕ್ಕೆ ನಾಲ್ಕು ದಿನ ಮೊದಲೇ ಹೋಗಿ. ಉದುರಿದ ಅಡಿಕೆ ಹೆಕ್ಕುವುದಕ್ಕೆ ಯಾರ ಮುಖ ನೋಡುವ ಅಗತ್ಯವೂ ಇಲ್ಲ, ನೆಲ ನೋಡಿದರೆ ಸಾಕು.

---

ಕರಿಕೋಟು (ಸೆಪ್ಟೆಂಬರ್ 22)

ಸಿವಿಲ್ ವಕೀಲ, ಇಪ್ಪತ್ತಾರು ವರ್ಷ ಪಾಲಿನ ದಾವೆಗಳನ್ನೇ ನೋಡಿದ್ದೇನೆ. ಕಾನೂನಿನ ಭಾಗ ಮಾತ್ರ ಹೇಳುತ್ತೇನೆ.

ಮೊದಲು ನಿಮ್ಮ ವಕೀಲರಿಗೆ ಇವತ್ತೇ ಫೋನ್ ಮಾಡಿ ಒಂದು ಮಾತು ಕೇಳಿ: ತಮ್ಮನವರು ತೀರಿಕೊಂಡ ಮೇಲೆ ಅವರ ವಾರಸುದಾರರನ್ನು ದಾಖಲೆಗೆ ತರುವ ಅರ್ಜಿ ಹಾಕಿದ್ದಾರಾ? ಎದುರು ಪಕ್ಷದವರು ತೀರಿಕೊಂಡರೆ 90 ದಿನದೊಳಗೆ ಹಾಕಬೇಕು. ಹಾಕದಿದ್ದರೆ ಆ ಮಟ್ಟಿಗೆ ಮೇಲ್ಮನವಿ ತಾನಾಗಿಯೇ ರದ್ದಾಗುತ್ತದೆ, ಯಾರೂ ಆದೇಶ ಮಾಡಬೇಕಾಗಿಲ್ಲ. ನೀವು ಹೇಳುವ ಲೆಕ್ಕದಲ್ಲಿ ವರ್ಷ ದಾಟಿದೆ. ಅಂದರೆ ನಿಮ್ಮ ನಿದ್ದೆ ಕೆಡಿಸುತ್ತಿರುವ ಕೇಸು ಈಗ ಜೀವಂತ ಇದೆಯೋ ಇಲ್ಲವೋ ಅನ್ನುವುದೇ ಮೊದಲ ಪ್ರಶ್ನೆ.

ಇದ್ದರೆ, ಹಾಕಿದವರು ನೀವೇ ಆದ್ದರಿಂದ ಹಿಂಪಡೆಯುತ್ತೇನೆ ಅಂತ ಮೆಮೊ ಸಲ್ಲಿಸಬಹುದು. ಆಗ ಕೆಳಗಿನ ನ್ಯಾಯಾಲಯದ ಡಿಕ್ರಿ ಹಾಗೇ ಉಳಿಯುತ್ತದೆ. ಆದರೆ ನನ್ನನ್ನು ಕೇಳಿದರೆ ಬರೀ ಹಿಂಪಡೆಯುವುದಕ್ಕಿಂತ ರಾಜಿ ಡಿಕ್ರಿ ಮಾಡಿಸಿಕೊಳ್ಳಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 23, ನಿಯಮ 3ರಲ್ಲಿ ಬರುತ್ತದೆ. ವಾರಸುದಾರರೂ ನೀವೂ ಸಹಿ ಮಾಡಿದ ಬರಹ ಬೇಕು. ಹದಿನಾಲ್ಕು ಗುಂಟೆ ಯಾರಿಗೆ, ನೀರು ಹೇಗೆ, ದಾರಿ ಎಲ್ಲಿ, ಎಲ್ಲ ಬರೆಸಿ. ದಾವೆಯಲ್ಲಿರುವ ಆಸ್ತಿಗೆ ಮಾತ್ರ ಸಂಬಂಧಿಸಿದ್ದಾದರೆ ನೋಂದಣಿಯ ಅಗತ್ಯವೂ ಬರುವುದಿಲ್ಲ. ಲೋಕ ಅದಾಲತ್‌ನಲ್ಲಿ ಮಾಡಿಕೊಂಡರೆ ಇನ್ನೂ ಒಳ್ಳೆಯದು, ಅಲ್ಲಿನ ತೀರ್ಮಾನದ ಮೇಲೆ ಅಪೀಲು ಇಲ್ಲ. ನಿಮ್ಮ ಮೊಮ್ಮಕ್ಕಳೂ ಅವರ ಮೊಮ್ಮಕ್ಕಳೂ ಇದೇ ಕಡತ ಬಿಚ್ಚುವುದು ತಪ್ಪುತ್ತದೆ.

ಹಬ್ಬಕ್ಕೆ ಹೋಗುವಾಗ ಕಾಗದ ಹಿಡಿದುಕೊಂಡು ಹೋಗಬೇಡಿ. ಹಬ್ಬದ ಮನೆಯಲ್ಲಿ ಸಹಿ ಕೇಳಿದರೆ ಅದು ಬೇರೆ ಥರ ಕಾಣುತ್ತದೆ.

---

ಅವರೆಬೇಳೆ (ಸೆಪ್ಟೆಂಬರ್ 22)

ನಾನು ಮೈಸೂರಿನವಳು. ನಿಮ್ಮ ಮಗಳ ಜಾಗದಲ್ಲಿ ನಿಂತು ಬೆಳೆದವಳು, ಆದ್ದರಿಂದ ಸ್ವಲ್ಪ ಕಟುವಾಗಿ ಬರೆದರೆ ಕ್ಷಮಿಸಿ.

ತಮ್ಮನ ಮನೆಗೆ ಹೋಗಬಹುದಾ ಅಂತ ಕೇಳಿದ್ದೀರಿ. ಮಗಳ ಬಗ್ಗೆ ಏನೂ ಕೇಳಿಲ್ಲ. ಬರೆದದ್ದರಲ್ಲಿ ಅವಳ ಕೈ ಇದೆ, ತಣ್ಣಗಿತ್ತು ಅಂತ ಇದೆ. ಅವಳು ಈಗ ಎಲ್ಲಿದ್ದಾಳೆ, ಹೇಗಿದ್ದಾಳೆ ಒಂದು ಸಾಲೂ ಇಲ್ಲ. ತಮ್ಮ ಹೋದರು. ಅವಳು ಇದ್ದಾಳೆ.

ನಮ್ಮಪ್ಪನೂ ಬೆಳಗ್ಗೆ ಸಂಜೆ ಪೂಜೆಯವರು, ಮಧ್ಯೆ ಆಫೀಸು. ನನಗೆ ನಲವತ್ತು ದಾಟಿದ ಮೇಲೆ ಒಂದು ದಿನ ಫೋನ್ ಮಾಡಿ, "ನಿನಗೆ ನಾನು ಏನೂ ಮಾಡಲಿಲ್ಲ, ಕ್ಷಮಿಸು" ಅಂದರು. ನನಗೆ ಸಿಟ್ಟು ಬಂತು. ಅವರ ಮನಸ್ಸು ಹಗುರ ಮಾಡುವ ಕೆಲಸವನ್ನೂ ನನಗೇ ಹೊರಿಸಿದ ಹಾಗಾಯಿತು. "ಪರವಾಗಿಲ್ಲಪ್ಪ" ಅಂತ ಹೇಳಿ ಇಟ್ಟೆ. ಏನೂ ಬದಲಾಗಲಿಲ್ಲ.

ಬದಲಾದದ್ದು ಬೇರೆ ದಿನ. ಪುಷ್ಯದ ಚಳಿಯಲ್ಲಿ ನಮ್ಮ ಮನೆಗೆ ಬಂದಿದ್ದರು. ನಾನು ನೆನೆಹಾಕಿದ ಅವರೆಕಾಳು ಮುಂದಿಟ್ಟುಕೊಂಡು ಹಿಸುಕುತ್ತ ಕೂತಿದ್ದೆ. ಸುಮ್ಮನೆ ಬಂದು ಎದುರು ಕೂತರು. ಹಿಸುಕಲು ಬರುತ್ತಿರಲಿಲ್ಲ. ಒತ್ತಿದರೆ ಬೇಳೆ ಜಿಗಿದು ಸೋಫಾದ ಕೆಳಗೆ ಹೋಗುತ್ತಿತ್ತು. ಹೆಬ್ಬೆರಳು ಎಲ್ಲಿ ಇಡಬೇಕು ಅಂತ ಅವರ ಕೈ ಹಿಡಿದು ತೋರಿಸಿದೆ. ಅಪ್ಪನ ಕೈಯನ್ನು ನಾನು ಹಾಗೆ ಹಿಡಿದದ್ದು ಅದೇ ಮೊದಲು. ಮೂರು ಸೇರು ಇಬ್ಬರೂ ಹಿಸುಕಿದೆವು, ಎರಡೂವರೆ ಗಂಟೆ. ಕ್ಷಮೆಯ ಮಾತು ಯಾರೂ ಎತ್ತಲಿಲ್ಲ. ಆಮೇಲೆ ಎರಡು ವರ್ಷ ಇದ್ದರು. ಆ ಎರಡು ವರ್ಷ ನನಗೆ ಅಪ್ಪ ಇದ್ದರು ಅಂತ ಧೈರ್ಯವಾಗಿ ಹೇಳುತ್ತೇನೆ.

ಆದ್ದರಿಂದ ಮಗಳಿಗೆ ಫೋನ್ ಮಾಡಿ ಅಳಬೇಡಿ. ಎಲ್ಲಿಗಾದರೂ ಕರೆಯಿರಿ.

---

ಹರಿನೀರು (ಸೆಪ್ಟೆಂಬರ್ 23)

ಎಲ್ಲರ ಮಾತೂ ಎರಡೆರಡು ಸಲ ಓದಿದೆ.

ಕರಿಕೋಟು ಅವರೇ, ವಕೀಲರಿಗೆ ಫೋನ್ ಮಾಡಿದೆ. ವಾರಸುದಾರರ ಅರ್ಜಿ ಹಾಕಿಲ್ಲವಂತೆ. ನಾನೇ ಅವರಿಗೆ ಸಾವಿನ ಸುದ್ದಿ ತಿಳಿಸಿರಲಿಲ್ಲ. ಯಾಕೆ ತಿಳಿಸಲಿಲ್ಲ ಅಂತ ನಿನ್ನೆಯಿಂದ ಯೋಚಿಸುತ್ತಿದ್ದೇನೆ. ತಿಳಿಸಿದರೆ ಅವನ ಹೆಸರಿನ ಮುಂದೆ "ಮೃತ" ಅಂತ ಬರೆಯುತ್ತಾರೆ ಅನ್ನುವುದು ಗೊತ್ತಿತ್ತು. ಕಡತದಲ್ಲಾದರೂ ಅವನು ಎದುರಿಗೆ ನಿಂತಿರಲಿ ಅಂತ ಇತ್ತೋ ಏನೋ.

ಅವರೆಬೇಳೆಯವರೇ, ನೀವು ಹೇಳಿದ್ದು ಸರಿ. ಮಗಳು ಪುಣೆಯಲ್ಲಿದ್ದಾಳೆ. ಭಾನುವಾರ ಫೋನ್ ಮಾಡುತ್ತಾಳೆ. ಬಿಪಿ ಎಷ್ಟು, ಮಾತ್ರೆ ತಗೊಂಡ್ರಾ, ಅಮ್ಮನಿಗೆ ಕೊಡಿ. ಅಷ್ಟೇ ಮಾತು. ಅವಳ ಬಗ್ಗೆ ಬರೆಯಲು ನನ್ನ ಹತ್ತಿರ ಅದಕ್ಕಿಂತ ಹೆಚ್ಚು ಇರಲಿಲ್ಲ, ಅದಕ್ಕೇ ಬರೆದಿರಲಿಲ್ಲ.

---

ದೀಪದಕಂಬ (ಸೆಪ್ಟೆಂಬರ್ 24)

ನಾನು ಉಡುಪಿ ಕಡೆಯವ, ಶಾಲೆಯಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದವ. ಒಂದು ಮಾತು ಸೇರಿಸಬೇಕು ಅನಿಸಿತು. ತಪ್ಪು ಜಪದ್ದಲ್ಲ ಮಾರಾಯರೇ. ನನ್ನ ಅಜ್ಜಿ ಮೂರು ಹೊತ್ತೂ ಮಡಿ. ನಾವು ಮಕ್ಕಳು ಎರಡು ಮಾರು ದೂರ ಕೂರಬೇಕು. ಆದರೆ ಅಲ್ಲಿಂದಲೇ ಕಥೆ ಹೇಳುತ್ತಿದ್ದರು, ನಮ್ಮ ಲೂಟಿಗೆ, ಅಂದರೆ ತುಂಟಾಟಕ್ಕೆ, ನಗುತ್ತಿದ್ದರು, ಸ್ನಾನ ಮಾಡುವ ಮೊದಲು ಒಂದು ಗಳಿಗೆ ನಮ್ಮನ್ನೆಲ್ಲ ಅಪ್ಪಿಕೊಂಡು, "ಇನ್ನು ಮುಟ್ಟುವ ಹಾಗಿಲ್ಲ, ಈಗಲೇ ತಗೊಳ್ಳಿ" ಅನ್ನುತ್ತಿದ್ದರು. ನಮಗೆ ಅವರ ಮಡಿಯಿಂದ ಒಂದು ದಿನವೂ ನೋವಾದದ್ದು ನೆನಪಿಲ್ಲ. ಆ 24 ಲಕ್ಷವನ್ನು ಈಗ ದಂಡ ಅಂದುಕೊಳ್ಳಬೇಡಿ.

---

ಹರಿನೀರು (ಸೆಪ್ಟೆಂಬರ್ 24)

ಗುರುಗಳೇ, ದಂಡ ಅನ್ನಲು ನನಗೂ ಬಾಯಿ ಬರುವುದಿಲ್ಲ. ಆದರೆ ನಿಮ್ಮ ಅಜ್ಜಿ ಸ್ನಾನಕ್ಕೆ ಮೊದಲು ಮಕ್ಕಳನ್ನು ಎಣಿಸುತ್ತಿದ್ದರು. ನಾನು ಆರೂವರೆ ವರ್ಷ ಮಣಿ ಎಣಿಸಿದೆ, ನಾಳೆ ಎಷ್ಟು ಉಳಿಯುತ್ತದೆ ಅಂತ ಎಣಿಸಿದೆ. ಬಡ್ತಿಯ ಪಟ್ಟಿ ನೋಡುತ್ತಿದ್ದ ಕಣ್ಣಿನಲ್ಲೇ ಅದನ್ನೂ ನೋಡಿದೆ. ಮುಗಿದ ದಿನ ಪುರೋಹಿತರು ಬಂದರು, ಹೋಮ ಆಯಿತು, ಎಲ್ಲರೂ ಹೊಗಳಿದರು. ರಾತ್ರಿ ಮಲಗಿದಾಗ, ಮುಂದಿನದು ಯಾವುದು ಅಂತ ಯೋಚಿಸುತ್ತಿದ್ದೆ.

---

ಬೆಣ್ಣಿಹಿಂಡಿ (ಸೆಪ್ಟೆಂಬರ್ 26)

ಸರ್, ನಮಸ್ಕಾರ್ರಿ. ನಾ ಶಹಾಪುರ ಕಡಿಯಂವ. ನೀವು ಬರದಿದ್ದು ಓದಿ ಸುಮ್ನ ಕೂಡಾಕ ಆಗಲಿಲ್ಲ.

ನಮ್ಮಪ್ಪಂದು ಎಂಟು ಎಕರೆ ಹೊಲ. ಮೊದ್ಲ ಎಲ್ಲಾ ಒಣಬೇಸಾಯ, ಜ್ವಾಳ ಇಲ್ಲಾಂದ್ರ ತೊಗರಿ. ಮಳಿ ಕೈಕೊಟ್ಟ ವರ್ಷ ಮನಿಗೆ ಕೀಲಿ ಹಾಕಿ ಬಾಂಬೆ, ಪುಣೆ ಕಡೆ ಕಟ್ಟಡದ ಕೆಲಸಕ್ಕ ಹೋಗತಿದ್ರು. ನಾ ಹುಟ್ಟಿದ್ದೇ ಅಲ್ಲಿ ಒಂದು ತಗಡಿನ ಶೆಡ್ಡಿನಾಗ. ಕಾಲುವಿ ನೀರು ಬಂದಮ್ಯಾಲ ಭತ್ತ, ಹತ್ತಿ, ಮೆಣಸಿನಕಾಯಿ. ನಾ ಊರಾಗೇ ಸಾಲಿ ಕಲ್ತೆ. ಈಗೂ ಕಾಲುವಿ ಕಡೀ ತುದಿಯವರಿಗೆ ನೀರು ಸರಿಯಾಗಿ ಮುಟ್ಟಂಗಿಲ್ಲ, ಅದರ ಸಲುವಾಗಿ ಪ್ರತಿ ವರ್ಷ ಜಗಳ ಐತಿ, ಅದು ಬ್ಯಾರೆ ಮಾತು. ನೀವು ಬಡ್ತಿಗೆ ಮಾಡಿದ್ರೋ ಏನಕ್ಕ ಮಾಡಿದ್ರೋ, ಅದು ನಿಮ್ಮ ಮನಸ್ಸಿನ ಮಾತು. ನಮ್ಮ ಹೊಲಕ್ಕ ನೀರು ಬಂತು, ಅದು ಖರೆ.

ಆ ಮುದುಕಿ ಯಾರೋ ನಂಗ ಗೊತ್ತಿಲ್ರಿ. ಬೇವಿನ ಗಿಡದ ಕೆಳಗ ಉಣ್ಣಾಕ ಹಾಕಿದ್ದು ಅಂದ್ರ ಸುತ್ತಮುತ್ತ ಹತ್ತು ಊರು ಹೇಳಬಹುದು. ಆದ್ರ ರೊಟ್ಟಿ ಬಾಕಿ ಐತಲ್ಲ, ಅದನ್ನ ನಾವು ತೀರಿಸ್ತೀವಿ. ಎಳ್ಳ ಅಮವಾಸಿಗೆ ಬರ್ರಿ. ಹೊಲದಾಗ ಭೂಮಿತಾಯಿಗೆ ಎಡಿ ಅಂತ ಚರಗ ಚೆಲ್ಲಿ, ಅಲ್ಲೇ ಕುಂತು ಎಲ್ಲಾರೂ ಉಣ್ಣತೀವಿ. ಸಜ್ಜಿ ರೊಟ್ಟಿ, ಎಣ್ಣಿಗಾಯಿ ಪಲ್ಲೆ, ಶೇಂಗಾ ಹೋಳಿಗಿ. ಈ ಸರ್ತಿ ಹೊರಗ ಉಣ್ಣಂಗಿಲ್ಲ ಅನಬ್ಯಾಡ್ರಿ ಮತ್ತ.

---

ಹರಿನೀರು (ಅಕ್ಟೋಬರ್ 30)

ಒಂದು ತಿಂಗಳು ಸುಮ್ಮನಿದ್ದೆ. ಹೋಗಿ ಬಂದಮೇಲೆಯೇ ಬರೆಯೋಣ ಅಂತ.

ಹಬ್ಬಕ್ಕೆ ನಾಲ್ಕು ದಿನ ಮೊದಲೇ ಹೋದೆವು. ಸಾಗರದ ಸ್ಟೇಷನ್ನಿಗೆ ತಮ್ಮನ ಮಗ ಬಂದಿದ್ದ. ಅವನು ನಡೆಯುವುದು ಥೇಟು ಅಪ್ಪನ ಹಾಗೆ, ಎಡಗಾಲು ಸ್ವಲ್ಪ ಎಳೆದು. ತಮ್ಮ ಹಾಗೆ ನಡೆಯುತ್ತಿದ್ದ ಅನ್ನುವುದೇ ನನಗೆ ಮರೆತುಹೋಗಿತ್ತು. ಮನೆ ಸೇರಿ ಅರ್ಧ ಗಂಟೆಯಲ್ಲಿ ನನ್ನ ಹೆಂಡತಿಯೂ ತಮ್ಮನ ಹೆಂಡತಿಯೂ ಅಡುಗೆಮನೆಯಲ್ಲಿ ಕೂತು ಸೌತೆಕಾಯಿ ಹೆಚ್ಚುತ್ತಿದ್ದರು. ನನ್ನ ಜೊತೆ ಅವಳು ಮಾತಾಡಲಿಲ್ಲ. ಬಡಿಸುವಾಗ ಬಂದು ಬಡಿಸಿ ಹೋಗುತ್ತಿದ್ದಳು, ಅನ್ನ ಬೇಕಾ ಅಂತಲೂ ಕೇಳಲಿಲ್ಲ. ಅದನ್ನು ನಾನು ತಪ್ಪು ಅನ್ನುವುದಿಲ್ಲ.

ಮಧ್ಯಾಹ್ನ ತೋಟಕ್ಕೆ ಹೋಗಿ ಆ ಹದಿನಾಲ್ಕು ಗುಂಟೆ ನೋಡಿದೆ. ದಬ್ಬೆ ಇಲ್ಲವೇ ಇಲ್ಲ. ಈಗ ಫೆಬ್ರವರಿ ಹೊತ್ತಿಗೇ ಒರತೆ ಒಣಗುತ್ತದಂತೆ. ಎಷ್ಟೋ ವರ್ಷದಿಂದ ಬೋರ್‌ವೆಲ್ಲೇ. ಕೋರ್ಟ್ ಕಮಿಷನರ್ ಅಳೆದು ನಕ್ಷೆ ಬರೆದಿದ್ದ ನೀರು ಕಾಗದದಲ್ಲಿ ಮಾತ್ರ ಇದೆ. ಅದೇ ಜಾಗದಲ್ಲಿ ಕೂತು ಹುಡುಗನ ಹತ್ತಿರ ಹೇಳಿದೆ, ಮೇಲಿನದೆಲ್ಲ ನಿನಗೇ, ರಾಜಿ ಬರೆಸೋಣ, ಹಬ್ಬ ಮುಗಿದ ಮೇಲೆ. ಅವನು "ಹ್ಞೂಂ" ಅಂದು, ಕೊಳೆ ಬಂದ ಗೊನೆ ತೋರಿಸಲು ಕರೆದುಕೊಂಡು ಹೋದ.

ಸಂಜೆ ಸುಲಿಯಲು ಕೂತೆ. ಈಗ ಸುಲಿಯುವ ಮಿಷನ್ ಬಂದಿದೆ, ಆದರೂ ಸ್ವಲ್ಪ ಅಡಿಕೆ ಕೈಯಲ್ಲೇ ಸುಲಿಯುತ್ತಾರೆ, ನಾಲ್ಕು ಹೆಂಗಸರು ಬರುತ್ತಾರೆ. ಅವರು ಹತ್ತು ಸುಲಿಯುವ ಹೊತ್ತಿಗೆ ನನ್ನದು ಒಂದು. ಹೆಬ್ಬೆರಳು ಕೊಯ್ದುಕೊಂಡೆ. ಅವರಲ್ಲಿ ಹಿರಿಯವಳು, ನಿಮ್ಮ ತಮ್ಮಯ್ಯ ಸುಲಿಯಲು ಕೂತರೆ ಇಡೀ ಯಕ್ಷಗಾನದ ಪ್ರಸಂಗ ಒಬ್ಬರೇ ಮಾಡುತ್ತಿದ್ದರು ಅಂದಳು. ಭೀಮನೂ ಅವರೇ, ದ್ರೌಪದಿಯೂ ಅವರೇ, ಚೆಂಡೆಯೂ ಬಾಯಲ್ಲೇ. ಇನ್ನೊಬ್ಬಳು, ಮಗಳ ಮದುವೆಗೆ ಅವರು ಒಂದು ಮೂಟೆ ಅಕ್ಕಿ ಇಳಿಸಿ ಹೋಗಿದ್ದರು ಅಂದಳು. ನಾನು ಕೈ ನಿಲ್ಲಿಸಿ ಕೇಳುತ್ತ ಕೂತೆ. 2005ರಿಂದ ಈಚೆಗಿನ ನನ್ನ ತಮ್ಮ ನನಗೆ ಗೊತ್ತಿದ್ದದ್ದು ಅವನ ಲಿಖಿತ ಹೇಳಿಕೆಯಿಂದ, ಅಫಿಡವಿಟ್ಟಿನಿಂದ, ಪಾಟೀಸವಾಲಿನಿಂದ. "ಪ್ರತಿವಾದಿಯು ದುರುದ್ದೇಶದಿಂದ" ಅಂತ ಶುರುವಾಗುವ ವಾಕ್ಯಗಳಿಂದ. ಆ ವಾಕ್ಯಗಳನ್ನು ಬರೆಸಿದವನು ನಾನು. ಅಡಿಕೆಯ ಚೊಗರಿನ ಕಲೆ ಮೂರು ದಿನ ತೊಳೆದರೂ ಬೆರಳಿನಿಂದ ಹೋಗಲಿಲ್ಲ. ಬರೆಯುವಾಗ ನೋಡುತ್ತಿದ್ದೇನೆ, ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪು ಇದೆ.

ಪಾಡ್ಯದ ದಿನ ದನಗಳಿಗೆ ಹಣ್ಣಡಿಕೆ, ಚೆಂಡುಹೂವಿನ ಸರ ಕಟ್ಟಿ ಬಿಟ್ಟೆವು. ರಾತ್ರಿ ಒಂದೂವರೆಗೆ ಅಂಟಿಗೆ ಪಂಟಿಗೆಯವರು ಬಂದರು. ಬಾಗಿಲು ಹಾಕಿತ್ತು, ಹೊರಗಿಂದ ಬಾಗಿಲು ತೆಗೆಯುವ ಹಾಡು ಶುರುವಾಯಿತು. ಕೋಣೆಯಲ್ಲಿ ಮಲಗಿದ್ದವನಿಗೆ ಎದೆ ಹೊಡೆದುಕೊಂಡಿತು. ನಾನು ಕಂಬಳಿ ಒತ್ತುತ್ತಿದ್ದ ಕಿಟಕಿ ಅದೇ. ಎದ್ದು ಹೋದೆ. ಹುಡುಗ ಎಣ್ಣೆಯ ಗಿಂಡಿ ನನ್ನ ಕೈಗೆ ಕೊಟ್ಟು, "ಹಿರಿಯ ನೀನೇ ಅಲ್ದಾ, ಎರೆ" ಅಂದ. ಅವರು ಹೊತ್ತು ತಂದ ದೀಪಕ್ಕೆ ಎಣ್ಣೆ ಎರೆದೆ, ಅದರಿಂದ ನಮ್ಮನೆ ದೀಪ ಹಚ್ಚಿಕೊಂಡೆವು. ಆಮೇಲೆ ಅವರ ಹಿಂದೆ ಎರಡು ಮನೆಯವರೆಗೆ ಹೋದೆ. ಮೂರನೇ ಮನೆ ಗುಡ್ಡದ ಆಚೆ, ಮೊಣಕಾಲು ಕೇಳಲಿಲ್ಲ. ಬೇಲಿಯ ದಣಪೆಯ (ಗೇಟಿನ) ಹತ್ತಿರ ನಿಂತು ದೀಪ ಗುಡ್ಡ ಹತ್ತಿ ಮರೆಯಾಗುವವರೆಗೆ ನೋಡಿದೆ. ಹಾಡು ಮಾತ್ರ ಬಹಳ ಹೊತ್ತು ಕೇಳುತ್ತಿತ್ತು.

ಹೊರಡುವ ದಿನ ಬೆಳಗ್ಗೆ ಜಗಲಿಯಲ್ಲಿ ಕೂತಿದ್ದೆ. ತಮ್ಮನ ಹೆಂಡತಿ ಬಾಗಿಲ ಹತ್ತಿರ ಬಂದು ನಿಂತಳು. "ಭಾವ, ಕಷಾಯಕ್ಕೆ ಹಾಲು ಹಾಕವಾ, ಬ್ಯಾಡದಾ?" ಅಂದಳು. ಹಾಕು ಅಂದೆ. ಲೋಟದ ತುಂಬ ತಂದಿಟ್ಟಳು.

ರಾಜಿಯ ಕರಡು ತಯಾರಾಗುತ್ತಿದೆ. ಹೇಗೆ, ಎಲ್ಲಿ ಹಾಕಬೇಕು ಅಂತ ವಕೀಲರು ನೋಡುತ್ತಿದ್ದಾರೆ, ಕರಿಕೋಟು ಅವರಿಗೆ ಬೇರೆ ಬರೆಯುತ್ತೇನೆ.

ಬೆಣ್ಣಿಹಿಂಡಿ ಅವರೇ, ಎಳ್ಳಮಾವಾಸ್ಯೆಗೆ ಖಂಡಿತ ಬರುತ್ತೇವೆ. ಭಾನುವಾರ ಮಗಳು ಫೋನ್ ಮಾಡಿದಾಗ ಬಿಪಿ ಹೇಳುವ ಮೊದಲು ನಾನೇ ಕೇಳಿದೆ, ಶಹಾಪುರಕ್ಕೆ ಬರುತ್ತೀಯಾ, ನಾನು ಕೆಲಸ ಮಾಡಿದ ಕಾಲುವೆ ತೋರಿಸುತ್ತೇನೆ, ಹೊಲದಲ್ಲಿ ಊಟ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ಪುಣೆಯಿಂದ ಯಾದಗಿರಿಗೆ ನೇರ ರೈಲಿದೆ, ರಜೆ ನೋಡುತ್ತೇನೆ ಅಂದಳು. ನಿಮ್ಮ ಕಡೆ ಹಿಂಡಿ ಬಹಳ ಖಾರ ಅಂತ ನೆನಪು. ಅವಳಿಗೆ ಖಾರ ಆಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ಅದನ್ನೂ ಕೇಳಿದೆ. ಆಗುತ್ತದಂತೆ. ಮೂರು ಜನರ ಲೆಕ್ಕ ಹಿಡಿಯಿರಿ.